ಶುಶ್ರೂಷಕಿಯ ಕೈಯಲ್ಲಿನ ಗಣಕ ಯಾರ ಕೆಲಸಕ್ಕೆ?



ಈ ದತ್ತಿ ಉಪನ್ಯಾಸವನ್ನು ನಗರದ ಸಭಾಂಗಣದಲ್ಲಿ ಇಡದೆ ಹೊಸಪೇಟೆ ತಾಲ್ಲೂಕಿನ ಗಾದಿಗನೂರಿನಲ್ಲೇ ಏರ್ಪಡಿಸಿದ ಸಂಘಟಕರಿಗೆ ನನ್ನ ಕೃತಜ್ಞತೆ. ನಾನು ಆರಿಸಿಕೊಂಡ ವಿಷಯ ಇಂಥ ಊರಿಗೇ ಸೇರಿದ್ದು. ಆರೋಗ್ಯ ಸೇವೆಯಲ್ಲಿ, ವಿಶೇಷವಾಗಿ ಶುಶ್ರೂಷೆಯಲ್ಲಿ, ಕೈಯಲ್ಲಿ ಹಿಡಿದು ಬಳಸುವ ಗಣಕಗಳ ಬಗ್ಗೆ ನಾನು ಮಾತಾಡಲಿದ್ದೇನೆ. ಟ್ಯಾಬ್, ಸ್ಮಾರ್ಟ್‌ಫೋನ್, ವಾರ್ಡಿನಲ್ಲಿ ಬಳಸುವ ಸ್ಕ್ಯಾನರ್ ಎಲ್ಲವೂ ಇದರೊಳಗೆ ಬರುತ್ತವೆ. ರೋಬಾಟ್ ಶಸ್ತ್ರಚಿಕಿತ್ಸೆಯಾಗಲಿ ಕೃತಕ ಬುದ್ಧಿಮತ್ತೆಯಾಗಲಿ ಇವತ್ತಿನ ವಿಷಯವಲ್ಲ. ಬೆಳಿಗ್ಗೆ ಬ್ಯಾಗು ಹೆಗಲಿಗೇರಿಸಿ ಮನೆಭೇಟಿಗೆ ಹೊರಡುವ ಎಎನ್‌ಎಂ ಸಿಸ್ಟರ್, ಆಶಾ, ಅಂಗನವಾಡಿ ಕಾರ್ಯಕರ್ತೆ, ತಾಲ್ಲೂಕು ಆಸ್ಪತ್ರೆಯಲ್ಲಿ ರಾತ್ರಿಪಾಳಿ ಮಾಡುವ ಸ್ಟಾಫ್ ನರ್ಸ್, ಇವರ ಕೈಯಲ್ಲಿರುವ ಯಂತ್ರಕ್ಕಷ್ಟೇ ನನ್ನ ಮಾತು ಸೀಮಿತ.

ಈ ಯಂತ್ರ ನಮ್ಮ ದೇಶಕ್ಕೆ ಬಂದ ಬಗೆಯನ್ನು ಮೊದಲು ಚುಟುಕಾಗಿ ಹೇಳುತ್ತೇನೆ. ಆಮೇಲೆ ಉತ್ತರ ಕರ್ನಾಟಕದಲ್ಲಿ ನಡೆದ ಎರಡು ಪ್ರಯೋಗಗಳನ್ನು ಸ್ವಲ್ಪ ವಿವರವಾಗಿ ನೋಡೋಣ. ಅಲ್ಲಿಂದ ಇವತ್ತಿನ ಕೆಲಸದ ಹೊರೆಗೆ, ಕೊನೆಯಲ್ಲಿ ವಾರ್ಡಿಗೆ ಮತ್ತು ಗೋಪ್ಯತೆಯ ಪ್ರಶ್ನೆಗೆ ಬರುತ್ತೇನೆ. ನನ್ನ ವಾದ ಇಷ್ಟು. ರೋಗಿಯ ಮುಂದೆ ನಿಂತವಳಿಗೆ ಆ ಹೊತ್ತಿನಲ್ಲಿ ಒಂದು ನಿರ್ಧಾರ ತೆಗೆದುಕೊಳ್ಳಲು ನೆರವಾದರೆ ಆ ಯಂತ್ರ ಶುಶ್ರೂಷೆಯ ಸಾಧನ. ಮೇಲಿನವರಿಗೆ ಅಂಕಿ ಕಳಿಸುವುದೊಂದೇ ಅದರ ಕೆಲಸವಾದರೆ ಅದು ಕಚೇರಿಯ ಸಾಧನ. ಹೊರುವ ಕೆಲಸ ಮಾತ್ರ ಸಿಸ್ಟರ್‌ದು.

ಕೈಗಣಕ ಆರೋಗ್ಯ ಸೇವೆಗೆ ಬಂದದ್ದು ಸ್ಮಾರ್ಟ್‌ಫೋನಿನ ಜೊತೆಗೆ ಎಂದು ನಮ್ಮಲ್ಲಿ ಅನೇಕರು ತಿಳಿದಿದ್ದಾರೆ. ಅದಕ್ಕಿಂತ ಬಹಳ ಮೊದಲೇ, 1990ರ ದಶಕದ ಮಧ್ಯಭಾಗದಲ್ಲಿ, ಆಪಲ್ ಕಂಪನಿಯ ಸಂಶೋಧಕರು ರಾಜಸ್ಥಾನದ ಅಜ್ಮೀರ್ ಜಿಲ್ಲೆಯ ಎಎನ್‌ಎಂಗಳೊಂದಿಗೆ ಕೆಲಸ ಮಾಡಿ, ನ್ಯೂಟನ್ ಎಂಬ ಅಂಗೈ ಗಣಕವನ್ನು ಅವರ ಕೆಲಸಕ್ಕೆ ಹೊಂದಿಸಲು ಪ್ರಯತ್ನಿಸಿದರು. ಈ ಶತಮಾನದ ಆರಂಭದಲ್ಲಿ ಅಂಥದೇ ಪ್ರಯತ್ನ ಆಗಿನ ಆಂಧ್ರಪ್ರದೇಶದ ನಲ್ಗೊಂಡ ಜಿಲ್ಲೆಯಲ್ಲಿ ನಡೆಯಿತು. ಎರಡರ ಹಿಂದೆಯೂ ಇದ್ದ ಪ್ರಶ್ನೆ ಒಂದೇ. ಸಿಸ್ಟರ್ ಹೊತ್ತು ತಿರುಗುವ ರಿಜಿಸ್ಟರುಗಳ ರಾಶಿಯನ್ನು ಕಡಿಮೆ ಮಾಡುವುದು ಹೇಗೆ? ಈ ಪ್ರಶ್ನೆ ಮೂವತ್ತು ವರ್ಷ ಹಳೆಯದೆಂಬುದನ್ನು ದಯವಿಟ್ಟು ನೆನಪಿಡಿ. ಆಪಲ್ 1998ರಲ್ಲಿ ನ್ಯೂಟನ್ ತಯಾರಿಕೆಯನ್ನೇ ನಿಲ್ಲಿಸಿತು. ರಿಜಿಸ್ಟರುಗಳು ಇನ್ನೂ ಉಳಿದಿವೆ.

ಆಮೇಲಿನ ಕಥೆ ನಿಮಗೆಲ್ಲ ಗೊತ್ತಿರುವುದೇ. 2005ರಲ್ಲಿ ಗ್ರಾಮೀಣ ಆರೋಗ್ಯ ಅಭಿಯಾನ ಬಂತು, ಅದರೊಂದಿಗೆ ಆಶಾ ಬಂದರು. ತಾಯಿ-ಮಗುವಿನ ಲೆಕ್ಕವನ್ನು ಹೆಸರು ಹಿಡಿದು ಇಡುವ ಪೋರ್ಟಲ್‌ಗಳು ಬಂದವು. 2016ರಲ್ಲಿ ಎಎನ್‌ಎಂಗಳಿಗಾಗಿಯೇ ಅನ್‌ಮೋಲ್ ಎಂಬ ಟ್ಯಾಬ್ ಆ್ಯಪ್ ಬಂತು. 2018ರಿಂದ ಆಯುಷ್ಮಾನ್ ಭಾರತದ ಅಡಿ ಮೂವತ್ತು ದಾಟಿದವರೆಲ್ಲರ ಬಿಪಿ, ಶುಗರ್, ಕ್ಯಾನ್ಸರ್ ತಪಾಸಣೆಯ ಎಂಟ್ರಿ ಸೇರಿಕೊಂಡಿತು. ಅಂಗನವಾಡಿಗೆ ಪೋಷಣ್ ಟ್ರ್ಯಾಕರ್ ಬಂತು. ಕೋವಿಡ್ ಕಾಲದಲ್ಲಿ ದೂರವೈದ್ಯಕ್ಕೆ ಇ-ಸಂಜೀವಿನಿ, ಲಸಿಕೆಯ ಲೆಕ್ಕಕ್ಕೆ ಕೋವಿನ್ ಬಂದವು. ಒಂದೊಂದಕ್ಕೂ ಅದರದೇ ಕಾರಣವಿತ್ತು. ಆದರೆ ಎಲ್ಲವೂ ಬಂದು ಸೇರಿದ್ದು ಅದೇ ಎರಡು ಕೈಗಳಿಗೆ.

ಇನ್ನು ನನ್ನ ಮಾತಿನ ಮುಖ್ಯ ಭಾಗಕ್ಕೆ ಬರುತ್ತೇನೆ. ಕೈಗಣಕ ನಿಜವಾಗಿ ಜೀವ ಉಳಿಸುತ್ತದೆಯೆ? ಈ ಪ್ರಶ್ನೆಯನ್ನು ಶ್ರದ್ಧೆಯಿಂದ ಕೇಳಿದ ಜಗತ್ತಿನ ದೊಡ್ಡ ಪ್ರಯೋಗಗಳಲ್ಲೊಂದು ಕನ್ನಡ ನೆಲದಲ್ಲೇ ನಡೆದಿದೆ.

ಗರ್ಭಿಣಿಯರಲ್ಲಿ ಏರುವ ರಕ್ತದೊತ್ತಡ, ಅದು ಮುಂದುವರಿದು ಬರುವ ಗರ್ಭನಂಜು, ಇವು ತಾಯಿಯ ಸಾವಿಗೆ ಮುಖ್ಯ ಕಾರಣಗಳಲ್ಲಿ ಸೇರಿವೆ. ಮುಖ, ಕಾಲು ಊದಿಕೊಂಡದ್ದನ್ನು ಬಸುರಿಯರಿಗೆ ಸಹಜವೆಂದು ಮನೆಯವರು ಸುಮ್ಮನಿರುತ್ತಾರೆ. ತಲೆನೋವು, ಕಣ್ಣು ಮಂಜಾಗುವುದನ್ನು ಬಿಸಿಲಿನ ತಾಪವೆಂದು ಬಗೆಯುತ್ತಾರೆ. ಫಿಟ್ಸ್ ಬಂದಾಗ ಗಾಡಿ ಹುಡುಕುತ್ತಾರೆ. ಈ ಸರಣಿಯನ್ನು ಮನೆಬಾಗಿಲಲ್ಲೇ ತುಂಡರಿಸಬಹುದೆ ಎಂದು ಬೆಳಗಾವಿಯ ಜವಾಹರಲಾಲ್ ನೆಹರೂ ವೈದ್ಯಕೀಯ ಕಾಲೇಜಿನ ತಂಡ, ಕೆನಡಾದ ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದ ಜೊತೆಗೂಡಿ, ಬೆಳಗಾವಿ ಮತ್ತು ಬಾಗಲಕೋಟೆ ಜಿಲ್ಲೆಗಳಲ್ಲಿ 2014ರಿಂದ 2016ರವರೆಗೆ ಪರೀಕ್ಷಿಸಿತು. ಕ್ಲಿಪ್ ಎಂಬುದು ಆ ಪ್ರಯೋಗದ ಹೆಸರು. ಹನ್ನೆರಡು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಪ್ರದೇಶಗಳನ್ನು ಆರಿಸಿ, ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. 14 ಸಾವಿರಕ್ಕೂ ಹೆಚ್ಚು ಗರ್ಭಿಣಿಯರು ಅದರಲ್ಲಿ ಪಾಲ್ಗೊಂಡರು.

ಒಂದು ಗುಂಪಿನ ಪ್ರದೇಶಗಳಲ್ಲಿ ಆಶಾ ಮತ್ತು ಎಎನ್‌ಎಂಗಳ ಕೈಗೆ ಒಂದು ಆ್ಯಪ್, ಬಿಪಿ ಯಂತ್ರ, ರಕ್ತದ ಆಮ್ಲಜನಕ ಅಳೆಯುವ ಪಲ್ಸ್ ಆಕ್ಸಿಮೀಟರ್ ಕೊಟ್ಟರು. ಆ ಆ್ಯಪ್ ಕೇಳುತ್ತಿದ್ದದ್ದು ಕೆಲವೇ ಪ್ರಶ್ನೆಗಳು. ಎಷ್ಟನೆಯ ಬಸುರು, ಎಷ್ಟು ವಾರ, ತಲೆನೋವಿದೆಯೆ, ದೃಷ್ಟಿ ಮಂಜಾಗಿದೆಯೆ, ಎದೆನೋವು ಅಥವಾ ಉಸಿರಾಟದ ತೊಂದರೆ ಇದೆಯೆ, ಹೊಟ್ಟೆನೋವಿನೊಂದಿಗೆ ರಕ್ತಸ್ರಾವವಿದೆಯೆ, ಬಿಪಿ ಎಷ್ಟು, ಮೂತ್ರದಲ್ಲಿ ಪ್ರೋಟೀನ್ ಇದೆಯೆ? ಉತ್ತರಗಳನ್ನು ಲೆಕ್ಕ ಹಾಕಿ ಅದು ಅಲ್ಲೇ ಹೇಳುತ್ತಿತ್ತು: ಈ ತಾಯಿಯನ್ನು ಈಗಲೇ ಆಸ್ಪತ್ರೆಗೆ ಕಳಿಸಬೇಕೆ, ನಾಳೆಯೊಳಗೆ ಕಳಿಸಿದರೆ ಸಾಕೆ, ಮೀಥೈಲ್‌ಡೋಪಾ ಮಾತ್ರೆ ಕೊಡಬೇಕೆ, ಹೊರಡುವ ಮುನ್ನ ಮೆಗ್ನೀಸಿಯಂ ಸಲ್ಫೇಟ್ ಇಂಜೆಕ್ಷನ್ ಬೇಕೆ. ಬೆಂಗಳೂರಿಗೋ ದೆಹಲಿಗೋ ಅಂಕಿ ಹೋಗಿ ಸೇರುವುದಕ್ಕೆ ಮೊದಲೇ ಉತ್ತರ ಸಿಸ್ಟರ್ ಕೈಗೆ ಬರುತ್ತಿತ್ತು. ಶುಶ್ರೂಷೆಯ ಸಾಧನ ಎಂದು ನಾನು ಹೇಳಿದ್ದು ಇಂಥದಕ್ಕೆ.

ಫಲಿತಾಂಶವನ್ನು ಮುಚ್ಚುಮರೆಯಿಲ್ಲದೆ ಹೇಳಬೇಕು. ಯಂತ್ರ ಕೊಟ್ಟ ಪ್ರದೇಶಗಳಲ್ಲಿ ತಾಯಿ-ಮಕ್ಕಳ ಸಾವು ಮತ್ತು ತೀವ್ರ ತೊಂದರೆಗಳ ಒಟ್ಟು ಪ್ರಮಾಣ ಕಡಿಮೆಯಾಗಲಿಲ್ಲ. ಇದೇ ಪ್ರಯೋಗ ಪಾಕಿಸ್ತಾನ ಮತ್ತು ಮೊಜಾಂಬಿಕ್‌ನಲ್ಲೂ ನಡೆದಿತ್ತು. ಮೂರೂ ದೇಶಗಳ ಸುಮಾರು 69 ಸಾವಿರ ಗರ್ಭಿಣಿಯರ ಲೆಕ್ಕವನ್ನು ಒಟ್ಟುಗೂಡಿಸಿ 2020ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಪ್ರಕಟಿಸಿದಾಗಲೂ ಉತ್ತರ ಅದೇ ಆಗಿತ್ತು. ಇದನ್ನು ಕೇಳಿ ನಿರಾಶರಾಗಬೇಡಿ. ಅದೇ ಲೆಕ್ಕದೊಳಗೆ ಇನ್ನೊಂದು ಸಂಗತಿಯಿತ್ತು. ಆ್ಯಪ್ ಹಿಡಿದ ಕಾರ್ಯಕರ್ತೆ ಎಂಟು ಅಥವಾ ಅದಕ್ಕಿಂತ ಹೆಚ್ಚು ಸಲ ಭೇಟಿಯಾದ ತಾಯಂದಿರಲ್ಲಿ ಸತ್ತು ಹುಟ್ಟಿದ ಮಕ್ಕಳ ಸಂಖ್ಯೆ, ಒಂದು ಸಲವೂ ಭೇಟಿ ಆಗದವರಿಗಿಂತ ಕಡಿಮೆ ಇತ್ತು. ಇಲ್ಲಿ ಎಚ್ಚರ ಬೇಕು. ದಿನ ತುಂಬಿದ ಬಸುರಿಗೆ ಸಹಜವಾಗಿಯೇ ಭೇಟಿಗಳು ಹೆಚ್ಚಾಗುತ್ತವೆ, ಅರ್ಧದಲ್ಲೇ ಕೆಟ್ಟ ಬಸುರಿಗೆ ಕಡಿಮೆಯಾಗುತ್ತವೆ. ಆದ್ದರಿಂದ ಅದನ್ನು ಪೂರ್ಣ ಸಾಕ್ಷ್ಯ ಎನ್ನಲಾಗದು. ಆದರೂ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ ಪ್ರತಿ ಗರ್ಭಿಣಿಗೂ ಕನಿಷ್ಠ ಎಂಟು ಭೇಟಿ ಬೇಕೆಂದು ಹೇಳಿದ್ದನ್ನು ಇದರ ಪಕ್ಕದಲ್ಲಿಟ್ಟರೆ ದಿಕ್ಕು ಸ್ಪಷ್ಟವಾಗುತ್ತದೆ. ಮುಟ್ಟಿ ನೋಡುವ ಭೇಟಿ ಹೆಚ್ಚಿದಲ್ಲಿ ಯಂತ್ರಕ್ಕೂ ಬೆಲೆ ಇದೆ. ಆಸ್ಪತ್ರೆಯ ಬಾಗಿಲಲ್ಲಿ ಆ ತಾಯಿಯನ್ನು ತಕ್ಷಣ ನೋಡುವವರೂ ಇರಬೇಕು. ಅಪಾಯವನ್ನು ಹೇಳಲು ಆ್ಯಪ್‌ಗೆ ಸಾಧ್ಯ, ಹೆರಿಗೆ ಮಾಡಿಸಲು ಸಾಧ್ಯವಿಲ್ಲ.

ಇದರ ಪಕ್ಕದಲ್ಲೇ ನಮ್ಮ ಜಿಲ್ಲೆಯ ಇನ್ನೊಂದು ಅನುಭವವನ್ನು ಇಡಲು ಬಯಸುತ್ತೇನೆ. ಅದರಲ್ಲಿ ಟ್ಯಾಬ್‌ಗೆ ಮುಖ್ಯ ಪಾತ್ರವಿಲ್ಲ, ಅದಕ್ಕೇ ಅದು ಇಲ್ಲಿ ಮುಖ್ಯ. 2012ರಲ್ಲಿ, ಹೊಸಪೇಟೆ ಇನ್ನೂ ಬಳ್ಳಾರಿ ಜಿಲ್ಲೆಯಲ್ಲಿದ್ದಾಗ, ಬಳ್ಳಾರಿ ಮತ್ತು ಗುಲ್ಬರ್ಗಾ ಜಿಲ್ಲೆಗಳ 108 ಪ್ರಾಥಮಿಕ ಆರೋಗ್ಯ ಕೇಂದ್ರಗಳಲ್ಲಿ ಸುಕ್ಷೇಮ ಯೋಜನೆಯ ಅಡಿ ಒಂದು ಪ್ರಯೋಗ ನಡೆಯಿತು. ಕರ್ನಾಟಕ ಹೆಲ್ತ್ ಪ್ರಮೋಷನ್ ಟ್ರಸ್ಟ್ ಇದರಲ್ಲಿ ತೊಡಗಿತ್ತು. 54 ಕೇಂದ್ರಗಳಿಗೆ ಅನುಭವಿ ಶುಶ್ರೂಷಕಿಯರು ಮಾರ್ಗದರ್ಶಕಿಯರಾಗಿ ಹೋದರು. ಅವರು ಒಟ್ಟು ಹನ್ನೊಂದು ಮಂದಿ, ಒಬ್ಬೊಬ್ಬರಿಗೆ ಸುಮಾರು ಐದು ಕೇಂದ್ರ. ಹೆರಿಗೆ ಕೋಣೆಯಲ್ಲೇ ಅಲ್ಲಿನ ಸ್ಟಾಫ್ ನರ್ಸ್ ಪಕ್ಕದಲ್ಲಿ ನಿಂತು ಕಲಿಸುವುದು, ಹಂತ ಹಂತವಾಗಿ ಏನು ಮಾಡಬೇಕೆಂದು ನೆನಪಿಸುವ ಹಾಗೆ ಅಚ್ಚು ಹಾಕಿಸಿದ ಕೇಸ್‌ಶೀಟನ್ನು ತುಂಬಿಸುವುದು ಅವರ ಕೆಲಸ. ಆ ಕೇಂದ್ರಗಳಲ್ಲಿ ತೊಡಕಿನ ಹೆರಿಗೆಯನ್ನು ಎದುರಿಸುವ ಸಿದ್ಧತೆಯೂ ಶುಶ್ರೂಷಕಿಯರ ತಿಳಿವಳಿಕೆಯೂ ಉಳಿದ 54 ಕೇಂದ್ರಗಳಿಗಿಂತ ಉತ್ತಮಗೊಂಡವು.

ಕಾಗದದ ಕೇಸ್‌ಶೀಟ್ ಅಲ್ಲಿ ಮಾಡಿದ ಕೆಲಸವೂ ಬೆಳಗಾವಿಯ ಆ್ಯಪ್ ಮಾಡಲು ಹೊರಟ ಕೆಲಸವೂ ಒಂದೇ. ಮುಂದಿನ ಹೆಜ್ಜೆಯನ್ನು ನೆನಪಿಸುವುದು. ಬಳ್ಳಾರಿಯಲ್ಲಿ ಕಾಗದದ ಜೊತೆಗೆ ಒಬ್ಬ ಹಿರಿಯಳೂ ಬಂದಳು. ನನಗೆ ಇವೆರಡರಲ್ಲಿ ಒಂದನ್ನೇ ಆರಿಸಿ ಎಂದರೆ ಹಿರಿಯಳನ್ನೇ ಆರಿಸುತ್ತೇನೆ. ಅದೃಷ್ಟವಶಾತ್ ಇವತ್ತು ಒಂದನ್ನೇ ಆರಿಸಬೇಕಾಗಿಲ್ಲ. ಅದೇ ಟ್ಯಾಬ್‌ನಲ್ಲಿ ವಿಡಿಯೊ ಕರೆ ಇದೆ, ಇ-ಸಂಜೀವಿನಿ ಇದೆ. ಸಂಡೂರು ಗುಡ್ಡದ ಮಗ್ಗುಲಿನ ತಾಂಡಾದಲ್ಲಿರುವ ಸಿಸ್ಟರ್, ತಾಲ್ಲೂಕು ಆಸ್ಪತ್ರೆಯ ಅನುಭವಿ ಶುಶ್ರೂಷಕಿಗೆ ಮುಖ ನೋಡಿ ಕೇಳುವ ವ್ಯವಸ್ಥೆಯಾದರೆ ಬೆಳಗಾವಿಯ ಪಾಠವೂ ಬಳ್ಳಾರಿಯ ಪಾಠವೂ ಒಂದೆಡೆ ಸೇರಿದಂತಾಗುತ್ತದೆ. ಈಗಿನ ದೂರವೈದ್ಯ ವ್ಯವಸ್ಥೆ ವೈದ್ಯರನ್ನು ಮಾತ್ರ ಸಂಪರ್ಕಿಸುತ್ತದೆ. ಶುಶ್ರೂಷಕಿ ಶುಶ್ರೂಷಕಿಯನ್ನು ಕೇಳುವ ದಾರಿಯೂ ಬೇಕು.

ಇಷ್ಟು ಹೊತ್ತು ಪ್ರಯೋಗಗಳ ಮಾತಾಯಿತು. ಈಗ ದಿನನಿತ್ಯದ ಕೆಲಸಕ್ಕೆ ಬರೋಣ. ಈ ಸಭೆಯಲ್ಲಿರುವ ಆಶಾ ಸೋದರಿಯರಿಗೆ ನಾನು ಹೊಸದಾಗಿ ಹೇಳುವುದೇನೂ ಇಲ್ಲ. ಉಳಿದವರು ಕೇಳಬೇಕೆಂದು ಹೇಳುತ್ತಿದ್ದೇನೆ.

ಮೊದಲನೆಯದು ಹೆಸರಿನ ತೊಡಕು. ನಮ್ಮ ಭಾಗದಲ್ಲಿ ಹುಲಿಗೆಮ್ಮ ಎಂಬ ಹೆಸರಿನ ಹೆಣ್ಣುಮಕ್ಕಳು ಊರೂರಿಗೂ ಇದ್ದಾರೆ. ಇಂಗ್ಲಿಷ್ ಅಕ್ಷರದಲ್ಲಿ ಆ ಹೆಸರನ್ನು ಆಧಾರ್‌ನಲ್ಲಿ ಒಂದು ರೀತಿ, ಬ್ಯಾಂಕ್ ಪಾಸ್‌ಬುಕ್‌ನಲ್ಲಿ ಇನ್ನೊಂದು ರೀತಿ, ತಾಯಿ ಕಾರ್ಡ್‌ನಲ್ಲಿ ಮತ್ತೊಂದು ರೀತಿ ಬರೆದಿರುತ್ತಾರೆ. ಪೋರ್ಟಲ್‌ಗೆ ಇವರು ಮೂವರು ಬೇರೆ ಬೇರೆ ಹೆಂಗಸರು. ಸಹಾಯಧನ ನಿಲ್ಲುತ್ತದೆ. ಆ ತಾಯಿ ಬಂದು ಕೇಳುವುದು ದೆಹಲಿಯ ಸರ್ವರನ್ನಲ್ಲ, ನಮ್ಮ ಆಶಾ ಅಕ್ಕನನ್ನು. ಹೆಸರನ್ನು ಕನ್ನಡದಲ್ಲೇ ದಾಖಲಿಸಿ ಅದನ್ನೇ ಮೂಲವೆಂದು ಹಿಡಿಯುವುದು ತಂತ್ರಜ್ಞಾನದ ಮಟ್ಟಿಗೆ ಇವತ್ತು ಕಷ್ಟವೇ ಅಲ್ಲ.

ಎರಡನೆಯದು ತವರುಮನೆ. ಚೊಚ್ಚಲ ಹೆರಿಗೆಗೆ ಹುಡುಗಿ ತವರಿಗೆ ಹೋಗುವುದು ನಮ್ಮ ಪದ್ಧತಿ. ಬಸುರಿನ ಮೊದಲ ತಿಂಗಳುಗಳ ತಪಾಸಣೆ ಗಂಡನ ಊರಲ್ಲಿ, ಕೊನೆಯ ತಿಂಗಳುಗಳದು ಮತ್ತು ಬಾಣಂತನ ತವರಲ್ಲಿ. 2021ರಲ್ಲಿ ವಿಜಯನಗರ ಜಿಲ್ಲೆ ಹೊಸದಾಗಿ ಆದಾಗ ಹೊಸಪೇಟೆ ತಾಲ್ಲೂಕು ಅದಕ್ಕೆ ಸೇರಿತು, ಸಂಡೂರು ಮತ್ತು ಕಂಪ್ಲಿ ಬಳ್ಳಾರಿಯಲ್ಲೇ ಉಳಿದವು. ಗಾದಿಗನೂರಿನ ಮಗಳನ್ನು ಸಂಡೂರು ತಾಲ್ಲೂಕಿನ ತೋರಣಗಲ್ಲಿಗೆ ಕೊಟ್ಟರೆ ಈಗ ಅವಳ ತವರು ಒಂದು ಜಿಲ್ಲೆ, ಗಂಡನ ಮನೆ ಇನ್ನೊಂದು ಜಿಲ್ಲೆ. ನಂಟಸ್ತಿಕೆಗೆ ಆ ಗಡಿ ಇಲ್ಲ, ಗುರಿಯ ಲೆಕ್ಕಕ್ಕೆ ಇದೆ. ಕೈಗಣಕ ತನ್ನ ಶಕ್ತಿಯನ್ನು ತೋರಿಸಬೇಕಾದ್ದು ಇಲ್ಲಿಯೇ. ಐದನೆಯ ತಿಂಗಳಲ್ಲಿ ಅತ್ತ ನೋಡಿದ ಬಿಪಿ, ಹಿಮೋಗ್ಲೋಬಿನ್ ಎಷ್ಟೆಂಬುದು ಎಂಟನೆಯ ತಿಂಗಳಲ್ಲಿ ಇತ್ತಲಿನ ಸಿಸ್ಟರ್ ಕಣ್ಣಿಗೆ ಬೀಳಬೇಕು. ಬಿಪಿ ಹಿಂದೆ 110/70 ಇದ್ದ ಹೆಂಗಸಿಗೆ ಈಗ 138/88 ಬಂದರೆ ಅದು 140/90ರ ಗೆರೆಯ ಕೆಳಗೇ ಇದೆ, ನಿಜ. ಹಿಂದಿನದು ಗೊತ್ತಿರುವ ಸಿಸ್ಟರ್ ಅಷ್ಟಕ್ಕೇ ಬಿಡುವುದಿಲ್ಲ, ಎರಡು ದಿನ ಬಿಟ್ಟು ಮತ್ತೆ ಹೋಗಿ ನೋಡುತ್ತಾಳೆ. ಗೊತ್ತಿಲ್ಲದವಳು ಮುಂದಿನ ತಿಂಗಳಿಗೆ ಬಿಡುತ್ತಾಳೆ.

ಮೂರನೆಯ ಮಾತು ಎಲ್ಲಕ್ಕಿಂತ ಭಾರವಾದದ್ದು. ರಿಜಿಸ್ಟರಿನಲ್ಲೂ ಬರೆಯಬೇಕು, ಆ್ಯಪ್‌ನಲ್ಲೂ ಎಂಟ್ರಿ ಮಾಡಬೇಕು. ನೆಟ್‌ವರ್ಕ್ ಇಲ್ಲದ ಕಡೆ ಬರೆದುಕೊಂಡು ಬಂದು, ರಾತ್ರಿ ಅಡುಗೆ ಮುಗಿಸಿ, ಮನೆಯಲ್ಲಿ ಕೂತು ತುಂಬಬೇಕು. ಮಾಡಿದ ಕೆಲಸಕ್ಕೆ ದುಡ್ಡು ಬರುವುದು ಎಂಟ್ರಿ ಆದರೆ ಮಾತ್ರ. ತಾಯಿ-ಮಗುವಿನ ಲೆಕ್ಕವಿಡುವ ಆರ್‌ಸಿಎಚ್ ಪೋರ್ಟಲ್‌ಗೂ ಪ್ರೋತ್ಸಾಹಧನಕ್ಕೂ ಹಾಕಿದ ಗಂಟನ್ನು ಬಿಚ್ಚಿ ಎಂದು ಕರ್ನಾಟಕದ ಆಶಾ ಕಾರ್ಯಕರ್ತೆಯರು ವರ್ಷಗಳಿಂದ ಬೀದಿಗಿಳಿದು ಕೇಳುತ್ತಿದ್ದಾರೆ. 2025ರ ಜನವರಿಯಲ್ಲಿ ಬೆಂಗಳೂರಿನ ಫ್ರೀಡಂ ಪಾರ್ಕಿನಲ್ಲಿ ಚಳಿಯಲ್ಲಿ ಮಲಗಿ ಹೋರಾಡಿದವರಲ್ಲಿ ನಮ್ಮ ಜಿಲ್ಲೆಗಳ ಸೋದರಿಯರೂ ಇದ್ದರು. 2021ರಲ್ಲಿ ಮಹಾರಾಷ್ಟ್ರದ ಅಂಗನವಾಡಿ ಕಾರ್ಯಕರ್ತೆಯರು ಕೆಲಸಕ್ಕೆ ಬಾರದ ಸರ್ಕಾರಿ ಫೋನುಗಳನ್ನು ಸಾಮೂಹಿಕವಾಗಿ ಮರಳಿಸಿದರು. ಇವರನ್ನು ತಂತ್ರಜ್ಞಾನದ ವಿರೋಧಿಗಳೆಂದು ಕರೆಯುವುದು ಅನ್ಯಾಯ. ಕೋವಿಡ್ ಕಾಲದಲ್ಲಿ ಮನೆಮನೆ ಸಮೀಕ್ಷೆಯನ್ನು ತಮ್ಮ ಫೋನುಗಳಲ್ಲೇ ಮಾಡಿದವರು ಇವರು. ಅವರು ಕೇಳುತ್ತಿರುವುದು ಮಾಡಿದ ಕೆಲಸಕ್ಕೆ ಸಂಬಳ, ಕೆಲಸ ಮಾಡುವ ಫೋನು, ಒಂದೇ ಸಲದ ಬರವಣಿಗೆ.

ಇನ್ನು ಊರಿನಿಂದ ವಾರ್ಡಿನೊಳಗೆ ಬರೋಣ. ವಿದ್ಯಾರ್ಥಿಗಳು ಇದನ್ನು ವಿಶೇಷವಾಗಿ ಕೇಳಬೇಕು.

1992ರಲ್ಲಿ ಅಮೆರಿಕದ ಕಾನ್ಸಾಸ್ ರಾಜ್ಯದ ಟೊಪೀಕಾದಲ್ಲಿ, ಮಾಜಿ ಸೈನಿಕರ ಆಸ್ಪತ್ರೆಯ ಶುಶ್ರೂಷಕಿ ಸ್ಯೂ ಕಿನ್ನಿಕ್, ಬಾಡಿಗೆ ಕಾರು ಮರಳಿಸುವಾಗ ಅಲ್ಲಿನ ನೌಕರ ಕೈಯಲ್ಲಿ ಹಿಡಿದ ಸ್ಕ್ಯಾನರ್‌ನಿಂದ ಕಾರಿನ ಗುರುತು ಓದಿಸಿದ್ದನ್ನು ಕಂಡರು. ಕಾರಿಗೆ ಇದು ಸಾಧ್ಯವಾದರೆ ರೋಗಿಗೆ ಕೊಡುವ ಔಷಧಿಗೆ ಯಾಕೆ ಆಗಬಾರದು ಎಂಬ ಅವರ ಪ್ರಶ್ನೆಯಿಂದ, ರೋಗಿಯ ಕೈಪಟ್ಟಿ ಮತ್ತು ಔಷಧಿಯ ಪೊಟ್ಟಣ ಎರಡನ್ನೂ ಓದಿಸಿ ತಾಳೆ ನೋಡುವ ಪದ್ಧತಿ ಹುಟ್ಟಿತು. ಕೆಲವೇ ವರ್ಷಗಳಲ್ಲಿ ಅದು ಆ ದೇಶದ ಮಾಜಿ ಸೈನಿಕರ ಆಸ್ಪತ್ರೆಗಳಿಗೆಲ್ಲ ಹಬ್ಬಿತು. ಜಗತ್ತಿನ ಆಸ್ಪತ್ರೆಗಳು ಇಂದು ಬಳಸುವ ಈ ಪದ್ಧತಿಯ ಮೂಲದಲ್ಲಿ ಒಬ್ಬ ಸಿಸ್ಟರ್ ಇದ್ದಾರೆ.

ನಮ್ಮಲ್ಲಿ ಇದು ಯಾಕೆ ಬೇಕು ಎಂಬುದಕ್ಕೆ ದೂರ ಹೋಗಬೇಕಿಲ್ಲ. 2024ರ ನವೆಂಬರ್‌ನಲ್ಲಿ ಬಳ್ಳಾರಿ ಜಿಲ್ಲಾಸ್ಪತ್ರೆಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಕೊಟ್ಟಿದ್ದ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಸಂದೇಹ ಬಂದು ಸರ್ಕಾರ ಆ ಪೂರೈಕೆಯ ಬಳಕೆಯನ್ನು ತಡೆಹಿಡಿಯಿತು. ಇಡೀ ನಾಡು ನೊಂದ ಆ ಪ್ರಸಂಗದ ಹೊಣೆ ಯಾರದೆಂದು ಈ ವೇದಿಕೆಯಿಂದ ತೀರ್ಪು ಹೇಳುವುದು ನನ್ನ ಕೆಲಸವಲ್ಲ. ಶುಶ್ರೂಷೆಯ ಕಡೆಯಿಂದ ಒಂದು ಮಾತನ್ನು ಮಾತ್ರ ಹೇಳಬಲ್ಲೆ. ಯಾವ ಬಾಟಲಿ, ಯಾವ ಬ್ಯಾಚ್ ನಂಬರ್, ಯಾವ ತಾಯಿಗೆ, ಎಷ್ಟು ಗಂಟೆಗೆ ಹಾಕಿದೆವೆಂಬುದು ಆ ಗಳಿಗೆಯಲ್ಲೇ ದಾಖಲಾದರೆ ಮೊದಲನೆಯ ತಾಯಿಗೆ ತೊಂದರೆ ಕಂಡೊಡನೆ ಅದೇ ಬ್ಯಾಚಿನ ಉಳಿದ ಬಾಟಲಿಗಳನ್ನು ಎಲ್ಲ ವಾರ್ಡುಗಳಿಂದ ಎತ್ತಿಸಬಹುದು. ಒಂದು ಸ್ಕ್ಯಾನರ್ ಈ ದಾಖಲೆಯನ್ನು ಎರಡು ಸೆಕೆಂಡಿನಲ್ಲಿ ಮಾಡುತ್ತದೆ. 2023ರ ಆಗಸ್ಟ್‌ನಿಂದ ದೇಶದಲ್ಲಿ 300 ಬ್ರ್ಯಾಂಡಿನ ಔಷಧಿಗಳ ಮೇಲೆ ಕ್ಯೂಆರ್ ಕೋಡ್ ಕಡ್ಡಾಯವಾಗಿದೆ. ರಕ್ತನಾಳಕ್ಕೆ ಹೋಗುವ ಪ್ರತಿಯೊಂದು ಬಾಟಲಿಗೂ ಅದು ಬರಬೇಕು, ಅದನ್ನು ಓದುವ ಯಂತ್ರ ಪ್ರತಿ ಹೆರಿಗೆ ವಾರ್ಡಿಗೂ ಬರಬೇಕು.

ಯಂತ್ರ ಬಂದ ಮೇಲೂ ಕಲಿತದ್ದನ್ನು ಬಿಡಬೇಡಿ ಎಂದು ವಿದ್ಯಾರ್ಥಿಗಳಿಗೆ ಹೇಳುತ್ತೇನೆ. 500 ಮಿಲಿಲೀಟರ್ ಡ್ರಿಪ್ ನಾಲ್ಕು ಗಂಟೆಯಲ್ಲಿ ಹೋಗಬೇಕು, ಸೆಟ್ಟು ಮಿಲಿಲೀಟರಿಗೆ 20 ಹನಿಯದು. 500ನ್ನು 20ರಿಂದ ಗುಣಿಸಿ 240 ನಿಮಿಷದಿಂದ ಭಾಗಿಸಿದರೆ ನಿಮಿಷಕ್ಕೆ ಸುಮಾರು 42 ಹನಿ. ಇದು ನಿಮ್ಮ ತಲೆಯಲ್ಲಿ ಮೊದಲು ಬರಬೇಕು, ಫೋನಿನ ಉತ್ತರ ಅದನ್ನು ತಾಳೆ ನೋಡಲಿಕ್ಕೆ. ನಾಲ್ಕು ಗಂಟೆಯ ಬದಲು 40 ಎಂದು ಒತ್ತಿದರೆ ಫೋನು ನಿಮಿಷಕ್ಕೆ ನಾಲ್ಕು ಹನಿ ಎನ್ನುತ್ತದೆ. ಅದು ತಪ್ಪೆಂದು ಅದಕ್ಕೆ ಗೊತ್ತಾಗುವುದಿಲ್ಲ, ನಿಮಗೆ ಗೊತ್ತಾಗಬೇಕು. ಇನ್ನೊಂದು ಮಾತು. ವಾರ್ಡಿನಿಂದ ವಾರ್ಡಿಗೆ ನಿಮ್ಮೊಂದಿಗೆ ಬರುವ ಫೋನು ಸೋಂಕನ್ನೂ ಹೊತ್ತು ತರುತ್ತದೆ. ಕೈ ತೊಳೆದು ಮತ್ತೆ ಅದೇ ಫೋನು ಮುಟ್ಟಿದರೆ ತೊಳೆದದ್ದು ವ್ಯರ್ಥ. ಶೇಕಡಾ 70ರ ಆಲ್ಕೋಹಾಲ್‌ನಿಂದ ಅದನ್ನು ಒರೆಸುವ ಅಭ್ಯಾಸವನ್ನು ಮೊದಲ ವರ್ಷದಿಂದಲೇ ಮಾಡಿಕೊಳ್ಳಿ.

ಕೊನೆಯದಾಗಿ ಗೋಪ್ಯತೆ. ಖಾಸಗಿತನ ಮೂಲಭೂತ ಹಕ್ಕು ಎಂದು ಸುಪ್ರೀಂ ಕೋರ್ಟ್ 2017ರ ಆಗಸ್ಟ್ 24ರಂದು ತೀರ್ಪು ಕೊಟ್ಟಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು. 2023ರಲ್ಲಿ ವೈಯಕ್ತಿಕ ದತ್ತಾಂಶ ರಕ್ಷಣೆಯ ಕಾಯ್ದೆಯೂ ಬಂತು. ಕಾಯ್ದೆ ದೆಹಲಿಯಲ್ಲಿ ಆದರೂ ಅದು ಉಳಿಯುವುದು ಅಥವಾ ಮುರಿಯುವುದು ಊರಿನಲ್ಲಿ. ಆಶಾ ಕೈಯ ಫೋನಿನಲ್ಲಿ ಯಾರಿಗೆ ಗರ್ಭಪಾತವಾಯಿತು, ಯಾರು ಎಚ್‌ಐವಿ ಮಾತ್ರೆ ತೆಗೆದುಕೊಳ್ಳುತ್ತಾರೆ, ಯಾವ ಹುಡುಗಿ ವಯಸ್ಸಿಗೆ ಮೊದಲೇ ಬಸುರಿಯಾದಳು ಎಂಬುದೆಲ್ಲ ಇರುತ್ತದೆ. ಅನೇಕ ಮನೆಗಳಲ್ಲಿ ಅದೇ ಫೋನು ಸಂಜೆ ಮಕ್ಕಳ ಕೈಯಲ್ಲಿ, ಗಂಡನ ಕೈಯಲ್ಲಿ ಇರುತ್ತದೆ. ಕೆಲಸಕ್ಕೆ ಬೇರೆ ಫೋನು ಕೊಡದೆ ಗೋಪ್ಯತೆ ಕಾಪಾಡಿ ಎಂದು ಹೇಳುವುದರಲ್ಲಿ ಅರ್ಥವಿಲ್ಲ. ಹಾಗೆಯೇ ರೋಗಿಯ ಗಾಯದ, ಬಾಣಂತಿಯ, ಎಳೆಗೂಸಿನ ಫೋಟೊ ತೆಗೆದು ವಾಟ್ಸ್ಆ್ಯಪ್ ಗುಂಪಿಗೆ ಹಾಕುವುದು ನಮ್ಮ ಆಸ್ಪತ್ರೆಗಳಲ್ಲಿ ರೂಢಿಯಾಗಿಬಿಟ್ಟಿದೆ. ಸಲಹೆ ಕೇಳಲೆಂದೇ ಕಳಿಸಿದರೂ ಅದು ಯಾರ ಯಾರ ಫೋನಿನಲ್ಲಿ ಉಳಿಯುತ್ತದೆ ಎಂಬುದು ಕಳಿಸಿದವರಿಗೂ ಗೊತ್ತಿರುವುದಿಲ್ಲ. ಇದು ನಿಲ್ಲಬೇಕು.

ಸಭಿಕರೆ, 2018-20ರ ಅಂಕಿಗಳ ಪ್ರಕಾರ ಕರ್ನಾಟಕದಲ್ಲಿ ಒಂದು ಲಕ್ಷ ಜೀವಂತ ಜನನಕ್ಕೆ 69 ತಾಯಂದಿರು ಸಾಯುತ್ತಿದ್ದರು. ಅದೇ ಅವಧಿಯಲ್ಲಿ ಕೇರಳದಲ್ಲಿ 19. ಈ ಅಂತರವನ್ನು ಯಾವ ಆ್ಯಪ್ ಕೂಡ ತಾನಾಗಿ ತುಂಬದು. ಆದರೆ ಸಿಸ್ಟರ್‌ಗೆ ಮನೆಭೇಟಿಗೆ ಹೊತ್ತು ಉಳಿಸಿಕೊಟ್ಟು, ಭೇಟಿಯ ಹೊತ್ತಿಗೆ ಸರಿಯಾದ ಉತ್ತರ ಕೊಡುವ ಯಂತ್ರ ಆ ಕೆಲಸದಲ್ಲಿ ಅವಳ ಜೊತೆ ನಿಲ್ಲಬಲ್ಲದು. ಆದ್ದರಿಂದ ಇಲ್ಲಿರುವ ಆರೋಗ್ಯಾಧಿಕಾರಿಗಳಲ್ಲಿ ನನ್ನ ವಿನಂತಿ. ಆ್ಯಪ್‌ನಲ್ಲಿ ತುಂಬಿದ್ದನ್ನು ಮತ್ತೆ ರಿಜಿಸ್ಟರಿನಲ್ಲಿ ಬರೆಸುವುದನ್ನು ನಿಮ್ಮ ತಾಲ್ಲೂಕಿನಲ್ಲಿ ಈ ವರ್ಷವೇ ನಿಲ್ಲಿಸಿ. ಮುಂದೆ ಹೊಸ ಆ್ಯಪ್ ಒಂದನ್ನು ತರುವ ಮುನ್ನ ಗಾದಿಗನೂರಿನ ಸಿಸ್ಟರ್ ಒಬ್ಬರನ್ನು, ಆಶಾ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು, ಇದರಿಂದ ನಿಮಗೇನು ಸಿಗುತ್ತದೆ ಎಂದು ಕೇಳಿ. ಅವರು ಏನೂ ಇಲ್ಲ ಎಂದರೆ ಅದನ್ನು ತರಬೇಡಿ.